ಅಬ್ಬಾಸಿಯಾ ಪಟ್ಟಿಯಲ್ಲಿಲ್ಲದ ಎರಡು ಹೆಸರುಗಳು

ನನ್ನ ಸಹಪಾಠಿಯೂ, ವಯಸ್ಸಿನಲ್ಲಿ ನನಗಿಂತ ಮೂರು ತಿಂಗಳು ಕಿರಿಯನೂ, ಉಳಿದೆಲ್ಲದರಲ್ಲಿ ಜನರ ಬಾಯಲ್ಲಿ ನನಗಿಂತ ಮೊದಲಿಗನೂ ಆದ ಸದಾಶಿವನಿಗೆ,

ನಿನ್ನ ಅವಗಾಹನೆಗೆ ತರಬಯಸುವುದೇನೆಂದರೆ, ನಮ್ಮ ಕಾಲೇಜಿನ ಹಳೆ ವಿದ್ಯಾರ್ಥಿ ಬಳಗವು ಕುವೈತಿನಲ್ಲಿ ಪುನಃ ಪ್ರಾರಂಭವಾಗಿದೆ. ಯುದ್ಧದಲ್ಲಿ ಹೊತ್ತಿದ ಎಣ್ಣೆ ಬಾವಿಗಳು ಇನ್ನೂ ಪೂರ್ತಿ ಆರಿಲ್ಲ. ಗಾಳಿ ಈ ಕಡೆಗೆ ತಿರುಗಿದ ದಿನ ಮಧ್ಯಾಹ್ನವೇ ದೀಪ ಹಾಕಬೇಕಾಗುತ್ತದೆ, ಒಗೆದು ಹಾಕಿದ ಬಿಳಿ ಅಂಗಿ ಒಣಗುವಷ್ಟರಲ್ಲಿ ಕಪ್ಪು ಚುಕ್ಕೆ ಹಿಡಿದಿರುತ್ತದೆ. ಆದರೂ ಮರಳಿ ಬಂದವರು ಹನ್ನೆರಡು ಮಂದಿ ಹೋದ ಶುಕ್ರವಾರ ಅಬ್ಬಾಸಿಯಾದ ನನ್ನ ಕೋಣೆಯಲ್ಲಿ ಸೇರಿ ಮೂರೂ ಶಾಖೆಗಳಿಗೆ ಹೊಸ ನಾಯಕರನ್ನು ಆರಿಸಿದೆವು. ಫರ್ವಾನಿಯಾಕ್ಕೆ ನಿನ್ನ ಜಾಗದಲ್ಲಿ ಯಾರು ಎಂದು ಕೇಳುವೆಯಾ? ಅದನ್ನು ಆಮೇಲೆ ಹೇಳುತ್ತೇನೆ. ಈ ಪತ್ರದಲ್ಲಾದರೂ ಯಾವ ಮಾತು ಮೊದಲು ಬರಬೇಕೆಂಬುದನ್ನು ನಾನು ನಿರ್ಧರಿಸುತ್ತೇನೆ.

ನಾವಿಬ್ಬರೂ ಅಂತಿಮ ಬಿ.ಎ.ಯಲ್ಲಿದ್ದಾಗ ನಾನು ತಾಲೂಕು ಕಚೇರಿಯ ಜಗಲಿಯಲ್ಲಿ ಅರ್ಜಿ ಬರೆಯುವವರೊಬ್ಬರ ಬಳಿ ನಕಲು ಮಾಡಲು ಕುಳಿತುಕೊಳ್ಳುತ್ತಿದ್ದುದು ನಿನಗೆ ನೆನಪಿರಬೇಕು. ಘನವೆತ್ತ, ವಿನಮ್ರ, ಮೇಲ್ಕಾಣಿಸಿದ, ಕೃಪೆಮಾಡಿ ಎಂಬ ಶಬ್ದಗಳು ನನ್ನ ಕೈಗೆ ಅಂಟಿಕೊಂಡದ್ದು ಅಲ್ಲಿ. ನೀನು ಜಗಲಿಯ ಮೆಟ್ಟಿಲಲ್ಲಿ ನಿಂತು, "ಜನ್ನ, ಹಸಿವಾಗ್ತದೆ ಅಂತ ಹೇಳ್ಲಿಕ್ಕೂ ನಿನಗೆ ಸ್ಟಾಂಪ್ ಪೇಪರ್ ಬೇಕಾ ಮಾರಾಯ?" ಎಂದು ಕೇಳಿದಾಗ ಸಾಲಿನಲ್ಲಿ ಕುಳಿತಿದ್ದ ಕಕ್ಷಿದಾರರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ನನಗಿದ್ದ ಬಂಡವಾಳ ಆ ಭಾಷೆಯೊಂದೇ ಆಗಿತ್ತು. ನಿನಗೆ ಬಾಯಿ ತೆರೆದರೆ ಸಾಕಾಗುತ್ತಿತ್ತು.

ಇಲ್ಲಿ ಕುವೈತಿನಲ್ಲಿ ಬಳಗದ ಮೊದಲ ಸುದ್ದಿಪತ್ರ ಹೊರಬಂದ ದಿನವನ್ನು ನಾನು ಮರೆತಿಲ್ಲ. 'ಶಾಖಾ ನಾಯಕರಿಗೆ ಸುದ್ದಿ ಮತ್ತು ಸೂಚನೆ' ಎಂಬ ಆ ಹಾಳೆಯನ್ನು ಕಾರ್ಯದರ್ಶಿಯೂ ಅಬ್ಬಾಸಿಯಾ ಶಾಖೆಯ ನಾಯಕನೂ ಆದ ನಾನು ಪ್ರತಿ ತಿಂಗಳೂ ಆಫೀಸಿನ ಯಂತ್ರದಲ್ಲಿ ಪ್ರತಿ ತೆಗೆದು ಮೂರು ಶಾಖೆಗಳಿಗೂ ತಲುಪಿಸುತ್ತಿದ್ದೆ. ಮಲಗುವ ಮುನ್ನ ಗ್ಯಾಸ್ ಸಿಲಿಂಡರ್ ಬಂದ್ ಮಾಡತಕ್ಕದ್ದು. ಇಲ್ಲಿರುವ ಪರವಾನಗಿಯಾದ ಇಕಾಮಾದ ಒಂದು ಪ್ರತಿಯನ್ನು ಶಾಖಾ ನಾಯಕರ ಬಳಿ ಇಡತಕ್ಕದ್ದು. ಶುಐಬಾದ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಸದಸ್ಯರು ವಿಷಾನಿಲದ ವಾಸನೆ ಬಂದ ಕೂಡಲೇ ಗಾಳಿಗೆ ಅಡ್ಡಲಾಗಿ ನಡೆದು ದೂರ ಸರಿಯತಕ್ಕದ್ದು. ಎಷ್ಟು ಯೋಚಿಸಿ ಬರೆಯುತ್ತಿದ್ದೆ. ಆದರೆ ಫರ್ವಾನಿಯಾದಲ್ಲಿ ನಿನ್ನ ಹುಡುಗರು ಅದರ ಮೇಲೆ ಹುರಿದ ಬಂಗುಡೆ ಇಟ್ಟುಕೊಂಡು ತಿನ್ನುತ್ತಿದ್ದುದನ್ನು ಕಣ್ಣಾರೆ ಕಂಡೆ. ಅದೇ ಸೂಚನೆಯನ್ನು ನೀನು ಸಾರಿಗೆ ಒಗ್ಗರಣೆ ಹಾಕುತ್ತಾ, "ಏಯ್, ಸಿಲಿಂಡರ್ ಬಂದ್ ಮಾಡಿ ಮಲಗಿ, ಇಲ್ಲದಿದ್ರೆ ನಿಮ್ಮ ಅಪ್ಪನಿಗೆ ಕಾಗದ ಬರಿಲಿಕ್ಕೆ ಜನ್ನನನ್ನೇ ಕರಿಬೇಕಾಗ್ತದೆ" ಎಂದೆ, ಇಬ್ಬರು ಎದ್ದು ಹೋಗಿ ಬಂದ್ ಮಾಡಿ ಬಂದರು. ನಾನು ಎಲ್ಲರಿಗೂ ಜನಾರ್ದನ ಸಾರ್. ನೀನು ಎಲ್ಲರಿಗೂ ಸದಣ್ಣ. ಒಂದೇ ವರ್ಷ ಕುವೈತಿಗೆ ಬಂದ ನಮ್ಮಿಬ್ಬರಲ್ಲಿ ಒಬ್ಬನು ಸಾರ್ ಆಗಿ, ಇನ್ನೊಬ್ಬನು ಅಣ್ಣನಾದದ್ದು ಯಾವ ನ್ಯಾಯ?

ಹೊಸಬರ ಸ್ವಾಗತದ ಆ ಮೇ ತಿಂಗಳ ಶುಕ್ರವಾರ ನನ್ನ ಕಣ್ಣಿಗೆ ಕಟ್ಟಿದಂತಿದೆ. ಬಳಗಕ್ಕೆ ಸೇರುವ ಹುಡುಗನು ತುಂಬಿದ ಸಿಲಿಂಡರನ್ನು ಹೆಗಲ ಮೇಲಿಟ್ಟುಕೊಂಡು ನಾಲ್ಕು ಮಹಡಿ ಹತ್ತಬೇಕು, ಹಿಂದಿನಿಂದ ಹಿರಿಯರು ಕಾಲೇಜಿನ ಪ್ರಾರ್ಥನೆ ಹಾಡಬೇಕು, ಮೇಲೆ ತಲುಪಿದ ಮೇಲೆಯೇ ಅವನ ಹೆಸರು ರಿಜಿಸ್ಟರಿಗೆ ಏರಬೇಕು ಎಂಬ ಪದ್ಧತಿಯನ್ನು ಮಾಡಿದವನು ನಾನು. ಹಾಸ್ಟೆಲಿನಲ್ಲಿ ನಮ್ಮನ್ನು ಹೀಗೆಯೇ ನೀರಿನ ಕೊಡ ಹೊರಿಸಿ ಹತ್ತಿಸಿರಲಿಲ್ಲವೇ? ಅಂದು ಹರೀಶನ ಸರದಿ. ಊರಿನಿಂದ ಬಂದು ಒಂಬತ್ತು ದಿನವಾಗಿತ್ತು. ಮೂರನೆಯ ಮಹಡಿಯ ತಿರುವಿನಲ್ಲಿ ಕಣ್ಣು ಕತ್ತಲಿಟ್ಟು ಅವನು ಕುಸಿದುಬಿದ್ದ. ಸಿಲಿಂಡರು ಮೆಟ್ಟಿಲುಗಳ ಮೇಲೆ ಉರುಳುತ್ತಾ ಕೆಳಗಿನ ಬಾಗಿಲಿಗೆ ಬಡಿದ ಸದ್ದು ಈಗಲೂ... ಯಾರಿಗೂ ತಗಲಲಿಲ್ಲ, ಅಷ್ಟು ಸಾಕು.

ಸುದ್ದಿ ತಿಳಿದ ಗಂಟೆಯೊಳಗೆ ನೀನು ಫರ್ವಾನಿಯಾದಿಂದ ಬಸ್ಸು ಹಿಡಿದು ಬಂದೆ. ಹರೀಶನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಉಪ್ಪು ಹಾಕಿದ ಮಜ್ಜಿಗೆ ಕುಡಿಸಿದೆ. ಆಮೇಲೆ ಎಲ್ಲರ ಎದುರಿನಲ್ಲಿ, ದನಿ ಏರಿಸದೆ, "ಜನ್ನ, ಸಿಲಿಂಡರ್ ಜಾಗ್ರತೆ ಅಂತ ಹಾಳೆಯಲ್ಲಿ ಬರೆದದ್ದು ನೀನೇ ಅಲ್ವಾ?" ಎಂದು ಕೇಳಿದೆ. ನಿನ್ನ ಶಾಖೆಯಲ್ಲಿ ಇಂಥ ಸ್ವಾಗತವನ್ನು ಎಂದೋ ನಿಲ್ಲಿಸಿ, ಹೊಸಬರು ಕಾಲಿಟ್ಟ ದಿನವೇ ಹೆಸರು ಬರೆದುಕೊಳ್ಳುತ್ತಿರುವುದಾಗಿ ನೀನು ಹೇಳಿದ್ದು ಅಂದೇ. ನಾನಾದರೋ, ಸ್ವಾಗತ ಪೂರ್ಣವಾಗದ ಕಾರಣ ಹರೀಶನ ಹೆಸರನ್ನು ಬರೆಯಲಿಲ್ಲ. ಅವನ ಜೊತೆಗೇ ಬಂದಿದ್ದ, ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಬ್ಯಾರಿಗಳ ಹುಡುಗ ಇಸ್ಮಾಯಿಲನ ಸ್ವಾಗತವನ್ನು ಸೆಕೆ ಕಳೆಯುವವರೆಗೆ ಮುಂದೂಡಿದೆ. ಅಂದಿನಿಂದ ಇಬ್ಬರೂ ಪ್ರತಿ ಶುಕ್ರವಾರ ನಿನ್ನಲ್ಲಿಗೆ ಊಟಕ್ಕೆ ಬರತೊಡಗಿದರು. ವಾಸ ನನ್ನ ಶಾಖೆಯಲ್ಲಿ, ವಿಶ್ವಾಸ ನಿನ್ನ ಶಾಖೆಯಲ್ಲಿ. ಅವರು ಕೈಯಲ್ಲಿ ಬಾಳೆಹಣ್ಣಿನ ಪೊಟ್ಟಣ ಹಿಡಿದು ನನ್ನ ಕಿಟಕಿಯ ಕೆಳಗಿನಿಂದಲೇ ಬಸ್ಸಿಗೆ ನಡೆದು ಹೋಗುವುದನ್ನು ನೋಡುತ್ತಾ ನನಗೆ ಏನನ್ನಿಸುತ್ತಿತ್ತೆಂದು ನೀನು ಒಮ್ಮೆಯಾದರೂ ಊಹಿಸಿದ್ದೆಯಾ?

ಆಗಸ್ಟಿನ ಆ ಗುರುವಾರ ಬೆಳಿಗ್ಗೆ ರಸ್ತೆಯಲ್ಲಿ ಇರಾಕಿನ ಟ್ಯಾಂಕುಗಳನ್ನು ಕಂಡ ಮೇಲೆ ನಮ್ಮ ಬಳಗಕ್ಕೆ ಬೇರೆ ಕೆಲಸವೇ ಬಂತು. ಬ್ರೆಡ್ಡಿಗೆ ಸಾಲು, ನೀರಿಗೆ ಸಾಲು. ಅಲ್ಪ ದಿನಗಳಲ್ಲೇ ಬಸ್ರಾ, ಬಾಗ್ದಾದುಗಳ ಮೂಲಕ ಜೋರ್ಡಾನಿಗೆ ಹೋಗುವ ಬಸ್ಸುಗಳಿಗೆ ಹೆಸರು ಕೊಡಬೇಕೆಂಬ ಸುದ್ದಿ ಬಂದಾಗ, ಪ್ರತಿ ಶಾಖೆಯ ನಾಯಕನು ತನ್ನವರ ಪಟ್ಟಿಯನ್ನು ಸಿದ್ಧಪಡಿಸಿ ಬಸ್ಸಿನ ಏರ್ಪಾಡು ನೋಡುತ್ತಿದ್ದವರಿಗೆ ತಲುಪಿಸಬೇಕೆಂದು ನಾನೇ ಸೂಚನೆ ಬರೆದೆ. ನನ್ನ ಜೀವಮಾನದಲ್ಲೇ ಅಷ್ಟು ಚೆನ್ನಾದ ಅರ್ಜಿಯನ್ನು ನಾನು ಬರೆದಿರಲಿಲ್ಲ. ಕೆಳಗೆ ಸಹಿ ಮಾಡಿದ ನಾವು ಎಂದು ಆರಂಭಿಸಿ, ರಿಜಿಸ್ಟರನ್ನು ಮುಂದಿಟ್ಟುಕೊಂಡು ಅಬ್ಬಾಸಿಯಾ ಶಾಖೆಯ ಹೆಸರುಗಳನ್ನು ಒಂದೊಂದಾಗಿ ನಕಲು ಮಾಡಿದೆ. ಕೊನೆಯ ಹೆಸರಿಗೆ ಬಂದಾಗ ಆ ಇಬ್ಬರ ನೆನಪಾಯಿತು, ಸದಾಶಿವ. ನೆನಪಾಗಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಪೆನ್ನು ಕೈಯಲ್ಲಿತ್ತು, ಹಾಳೆಯ ಬುಡದಲ್ಲಿ ಎರಡು ಸಾಲಿನ ಜಾಗವೂ ಇತ್ತು. ಅವರು ಸದಾಶಿವನ ಹುಡುಗರಲ್ಲವೇ, ಸದಾಶಿವನ ಪಟ್ಟಿಯಲ್ಲಿಯೇ ಬರಲಿ ಎಂದುಕೊಂಡೆ. ಸಹಿ ಹಾಕಿ ಮಡಚಿದೆ.

ಬಸ್ಸು ಹೊರಡುವ ದಿನ ಶಾಲೆಯೊಂದರ ಅಂಗಳದಲ್ಲಿ ಹೆಸರು ಕರೆದರು. ಕರೆದಂತೆ ಒಬ್ಬೊಬ್ಬರೇ ಹತ್ತಿ ಕುಳಿತೆವು. ನಾನು ಕಿಟಕಿಯ ಪಕ್ಕ, ನೀನು ಎರಡು ಸೀಟು ಮುಂದೆ. ಪಟ್ಟಿ ಮುಗಿಯಿತು. ಬಸ್ಸು ತುಂಬಿತು. ಕೆಳಗೆ ಹರೀಶ ಮತ್ತು ಇಸ್ಮಾಯಿಲ್ ತಮ್ಮ ಚೀಲಗಳೊಂದಿಗೆ ನಿಂತೇ ಇದ್ದರು. ಅವರು ಅಬ್ಬಾಸಿಯಾದವರಾದ್ದರಿಂದ ನನ್ನ ಪಟ್ಟಿಯಲ್ಲಿರುತ್ತಾರೆಂದು ನೀನು ನಂಬಿದ್ದೆ. ಅದು ಸಹಜವೇ ಆಗಿತ್ತು. ನೀನು ತಿರುಗಿ ಒಮ್ಮೆ ನನ್ನ ಮುಖ ನೋಡಿದೆ. ಚೀಲ ತೆಗೆದುಕೊಂಡು ಇಳಿದೆ.

"ಕಾಪಿ ಮಾಡುವಾಗ ಬಸ್ಸಿನವರಲ್ಲಿ ಯಾರೋ ನಿಮ್ಮ ಹೆಸರು ಬಿಟ್ಟಿದ್ದಾರೆ ಕಾಣ್ತದೆ," ಎಂದು ನೀನು ಆ ಹುಡುಗರಿಗೆ ಹೇಳಿದ್ದು ನನಗೆ ಕೇಳಿಸಿತು. "ಇರ್ಲಿ, ಮುಂದಿನ ಬಸ್ಸಿಗೆ ನಾವು ಮೂರು ಜನ ಒಟ್ಟಿಗೆ ಹೋಗುವ. ಇಸ್ಮಾಯಿಲ್, ನಿನಗೆ ಅನ್ನ ಬೇಯಿಸ್ಲಿಕ್ಕೆ ಬರ್ತದಾ?"

"ಗಂಜಿ ಆಗ್ತದೆ ಸದಣ್ಣ. ಅನ್ನ ಅಂತ ಇಟ್ರೂ ಗಂಜಿಯೇ ಆಗ್ತದೆ."

ನಿನ್ನ ಸೀಟಿಗೆ ಹೊರಗೆ ಕಾಯುತ್ತಿದ್ದ ಹೆಂಗಸೊಬ್ಬಳು ಹತ್ತಿದಳು. ಬಸ್ಸು ಸದ್ದು ಮಾಡತೊಡಗಿದಾಗ ನೀನು ನನ್ನ ಕಿಟಕಿಯ ಕೆಳಗೆ ಬಂದು, ಅವರಿಬ್ಬರಿಗೆ ಕೇಳದಂತೆ, "ಜನ್ನ, ನೀನು ಇಳಿಯುದು ಬೇಡ. ನೀನು ಇಳಿದ್ರೆ ಇವರಿಗೆ ಗೊತ್ತಾಗ್ತದೆ" ಎಂದೆ.

ನಾನು ಇಳಿಯಲು ಹೊರಟಿದ್ದೇನೆಂದು ನಿನಗೆ ಯಾರು ಹೇಳಿದರು? ನಾನು ಸೀಟಿನ ಸರಳನ್ನು ಹಿಡಿದು ಕುಳಿತಿದ್ದೆ, ಇಳಿಯುವ ಯೋಚನೆ ನನಗೆ ಬಂದಿರಲೇ ಇಲ್ಲ. ನನ್ನಲ್ಲಿಲ್ಲದ ಒಳ್ಳೆಯತನವನ್ನು ನನ್ನದೆಂದು ಕಲ್ಪಿಸಿಕೊಂಡು, ಅದನ್ನೂ ನೀನೇ ಬೇಡವೆಂದು ತಡೆದು, ಹೊರಟುಹೋದೆ. ಜೋರ್ಡಾನಿನ ಡೇರೆಗಳವರೆಗೂ ನಾನು ಈ ಮಾತಿಗಾಗಿಯೇ ನಿನ್ನ ಮೇಲೆ ಸಿಟ್ಟಾಗಿದ್ದೆ.

ಮಂಗಳೂರಿನಲ್ಲಿ ನಿನ್ನ ತಂಗಿಯ ಮನೆಯ ಅಂಗಳಕ್ಕೆ ನಾನು ಬಂದಾಗ ನಿನ್ನನ್ನು ಅದಾಗಲೇ ಮಲಗಿಸಿದ್ದರು. ಹತ್ತೊಂಬತ್ತು ದಿನ ತಡವಾಗಿ ಸಿಕ್ಕಿದ ಬಸ್ಸಿನಲ್ಲಿ ನೀವು ಮೂವರೂ ಹೊರಟಿರೆಂದೂ, ಅಷ್ಟರಲ್ಲಿ ನಿನ್ನ ರಕ್ತದೊತ್ತಡದ ಮಾತ್ರೆ ಮುಗಿದುಹೋಗಿತ್ತೆಂದೂ, ದಾರಿಯಲ್ಲೇ ಎರಡು ಸಲ ಎದೆ ಹಿಡಿದುಕೊಂಡೆಯೆಂದೂ, ಊರು ಮುಟ್ಟಿದ ಮೂರನೆಯ ವಾರದಲ್ಲಿ ಹೋದೆಯೆಂದೂ ಹರೀಶ ಹೇಳಿದ. ಅವನೂ ಇಸ್ಮಾಯಿಲನೂ ಚಟ್ಟಕ್ಕೆ ಹೆಗಲು ಕೊಟ್ಟರು. ನಾನು ಹಿಂದೆ ನಡೆಯುತ್ತಾ ಏನು ಮಾಡುತ್ತಿದ್ದೆ ಗೊತ್ತೇ? ಜನರನ್ನು ಎಣಿಸುತ್ತಿದ್ದೆ. ನಾನು ಸತ್ತರೆ ಇದರ ಅರ್ಧದಷ್ಟಾದರೂ ಬಂದಾರೇ ಎಂದು ಲೆಕ್ಕ ಹಾಕುತ್ತಿದ್ದೆ. ಇದನ್ನು ನಿನಗಲ್ಲದೆ ಬೇರೆ ಯಾರಿಗೆ ತಾನೇ ಬರೆಯಲಿ.

ಹೋದ ಶುಕ್ರವಾರದ ಸಭೆಗೆ ಈಗ ಬರುತ್ತೇನೆ. ಫರ್ವಾನಿಯಾಕ್ಕೆ ನಾಯಕನಾಗಿ ಆಯ್ಕೆಯಾದವನು ಹರೀಶ. ನಿಲ್ಲಿಸಿದ್ದ ಹಾಳೆಯನ್ನು ಮತ್ತೆ ಪ್ರಾರಂಭಿಸಬೇಕೆಂದು ಎಲ್ಲರೂ ನನ್ನನ್ನು ಕೇಳಿಕೊಂಡಾಗ ನನಗೆ ಸಂತೋಷವಾಗದೆ ಇರಲಿಲ್ಲ. ಈಗ ಬರೆಯಬೇಕಾದ ಸೂಚನೆಗಳೂ ಬೇರೆ. ಸಮುದ್ರದ ದಂಡೆಯಲ್ಲಿ ಬಿದ್ದಿರುವ ಯಾವ ಲೋಹದ ವಸ್ತುವನ್ನೂ ಮುಟ್ಟತಕ್ಕದ್ದಲ್ಲ. ಹೊಗೆಯಿರುವ ದಿನ ಒದ್ದೆ ಬಟ್ಟೆಯನ್ನು ಮೂಗಿಗೆ ಕಟ್ಟತಕ್ಕದ್ದು. ಸ್ವಾಗತದ ಹೆಸರಿನಲ್ಲಿ ಯಾವ ಹೊಸಬನಿಂದಲೂ ಭಾರ ಹೊರಿಸತಕ್ಕದ್ದಲ್ಲ. ಹೊಸಬರು ಬಂದ ದಿನವೇ ಅವರ ಹೆಸರನ್ನು ಆಯಾ ಶಾಖೆಯ ರಿಜಿಸ್ಟರಿನಲ್ಲಿ ದಾಖಲಿಸತಕ್ಕದ್ದು. ಎಲ್ಲರೂ ಹೋದ ಮೇಲೆ ಉಳಿದ ಹರೀಶನಿಗೆ ಕರಡನ್ನು ಓದಿ ಹೇಳಿದೆ.

"ಸಾರ್, ಈ ಕೊನೆಯ ಎರಡು ಸದಣ್ಣನದ್ದಲ್ವಾ?" ಎಂದ ಅವನು. "ಅವರ ಹೆಸರು ಹಾಕುವ. ಹಾಗಾದ್ರೆ ಜನ ಓದ್ತಾರೆ."

ಹಾಗಾದರೆ ಜನ ಓದುತ್ತಾರೆ. ಹತ್ತು ತಿಂಗಳ ಹಿಂದೆ ಬೂದಿಯಾದವನ ಹೆಸರಿದ್ದರೆ ನನ್ನ ಬರಹವನ್ನು ಓದುತ್ತಾರೆ. ನನಗೆ ತಡೆಯಲಾಗಲಿಲ್ಲ. "ಸದಾಶಿವನ ಹೆಸರು ಯಾಕೆ? ಈ ನಿಯಮ ಯಾಕೆ ಬೇಕಾಯಿತೆಂದು ಅವನಿಗಿಂತ ಚೆನ್ನಾಗಿ ನನಗೆ ಗೊತ್ತು" ಎಂದೆ.

"ಗೊತ್ತುಂಟು ಸಾರ್. ಅಲ್ಲಿ ಯಾರೋ ಕಾಪಿ ಮಾಡುವಾಗ ನಮ್ಮ ಹೆಸರು ಬಿಟ್ರಲ್ಲ."

"ಯಾರೋ ಅಲ್ಲ. ನಾನು."

ಬಾಯಿಂದ ಬಂದ ಮೇಲೆಯೇ ನನಗೆ ಅದರ ಅರಿವಾದದ್ದು. ಆಮೇಲೆ ಉಳಿದದ್ದನ್ನೂ ಹೇಳಿದೆ. ಪಟ್ಟಿ ನನ್ನ ಕೈಬರಹದ್ದು, ನೆನಪಿದ್ದೇ ಬಿಟ್ಟದ್ದು, ನೀವು ಶುಕ್ರವಾರ ಅವನಲ್ಲಿಗೆ ಹೋಗುತ್ತಿದ್ದುದೇ ಕಾರಣ. ಅರ್ಜಿಯ ಭಾಷೆ ಒಂದು ಶಬ್ದಕ್ಕೂ ನೆರವಿಗೆ ಬರಲಿಲ್ಲ.

ಹರೀಶ ಚಹಾದ ಲೋಟವನ್ನು ಕೆಳಗಿಟ್ಟ. "ಸದಣ್ಣನಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹತ್ತೊಂಬತ್ತು ದಿನ ಒಂದೇ ಕೋಣೆಯಲ್ಲಿದ್ವಿ ಸಾರ್. ಒಂದು ಮಾತು ಹೇಳ್ಲಿಲ್ಲ ಅವರು." ಅವನು ಚಹಾದ ಲೋಟವನ್ನು ತೊಳೆದು ಕವುಚಿ ಇಟ್ಟ, ಚಪ್ಪಲಿ ಹಾಕಿಕೊಂಡ. "ಇಸ್ಮಾಯಿಲನಿಗೆ ನಾನು ಹೇಳುದಿಲ್ಲ. ಅದು ನೀವೇ ಹೇಳ್ಬೇಕು." ಬಾಗಿಲು ದಾಟುವಾಗ ನನ್ನನ್ನು ಸಾರ್ ಎಂದೂ ಕರೆಯಲಿಲ್ಲ.

ಇಸ್ಮಾಯಿಲನಿಗೆ ಹಳೆಯ ಅಂಗಡಿಯವರೇ ಮತ್ತೆ ವೀಸಾ ಕಳಿಸಿದ್ದಾರೆ, ಬರುವ ಬುಧವಾರ ಬಂದಿಳಿಯುತ್ತಾನೆ. ನಾನು ವಿಮಾನ ನಿಲ್ದಾಣಕ್ಕೆ ಹೋಗುತ್ತೇನೆ. ಅವನಿಗೆ ಹೇಳುತ್ತೇನೆ. ಆಮೇಲೆ ಅವನು ನನ್ನ ಶಾಖೆಯಲ್ಲಿ ಇರುತ್ತಾನೋ, ಚೀಲ ಎತ್ತಿಕೊಂಡು ಹರೀಶನಲ್ಲಿಗೆ ಹೋಗುತ್ತಾನೋ, ಅದು ಅವನ ಇಷ್ಟ. ನಿನ್ನ ಹೆಸರನ್ನು ಹಾಳೆಯಲ್ಲಿ ಹಾಕಿದ್ದೇನೆ, ಕೊನೆಯ ಎರಡು ಸೂಚನೆಗಳ ಕೆಳಗೆ, ಚಿಕ್ಕ ಅಕ್ಷರದಲ್ಲಿ. ದೊಡ್ಡದಾಗಿ ಹಾಕಲು ಕೈ ಬರಲಿಲ್ಲ, ಕ್ಷಮಿಸು.

ಆದರೆ ಬುಧವಾರದ ಕೆಲಸವೊಂದನ್ನು ನೀನು ನನಗಿಂತ ಮೊದಲು ಮಾಡಿ ಮುಗಿಸಲಾರೆ. ನನಗಿಂತ ಚೆನ್ನಾಗಿಯೂ ಮಾಡಲಾರೆ. ಅವನಿಗೆ ಅದನ್ನು ಹೇಳಬಲ್ಲವನು ಈಗ ನಾನೊಬ್ಬನೇ.

ಇಂತು,
ನಿನ್ನ ಜನ್ನ