ಪುಸೆಲೆಟ್ಸೊ ನನ್ನನ್ನು ನಂಬಿ ಹೇಳಿದ್ದು

ಜುಲೈ ೧೨, ಶನಿವಾರ. ಮಸೇರು.

ಪುಸೆಲೆಟ್ಸೊ ನನಗೆ ನಾಲ್ಕು ಬೈದಿದ್ದರೆ ಇಷ್ಟು ಹೊತ್ತಿಗೆ ನಿದ್ದೆ ಬಂದಿರುತ್ತಿತ್ತು.

ಗಂಡ ಪ್ರತಿ ಗುರುವಾರ ಟ್ಯಾಕ್ಸಿ ನಿಲ್ದಾಣದ ಹತ್ತಿರ ಜಡೆ ಹೆಣೆಯುವವಳ ಅಂಗಡಿಗೆ ಯಾಕೆ ಹೋಗುತ್ತಾನೆ ಅಂತ ಪತ್ತೆ ಮಾಡಿಕೊಡಿ ಎಂದು ಮಾಮೊಸಾ ನನ್ನ ಹತ್ತಿರ ಬಂದಿದ್ದರು. ನಾನು ಪತ್ತೇದಾರಿ ಅನ್ನೋದನ್ನ ಮುಚ್ಚಿಟ್ಟು, ಟೀಚರ್ ಅಂತ ಹೇಳಿಕೊಂಡು ಮೂರು ಸಲ ಹೋಗಿ ತಲೆ ಕೊಟ್ಟು ಕೂತೆ. ಸಣ್ಣ ಜಡೆಗಳಿಗೆ ನಾಲ್ಕು ಗಂಟೆ ಹಿಡಿಯುತ್ತದೆ. ಮೂರನೇ ಸಲ ಜಡೆ ಹೆಣೆಯುತ್ತಾ ಪುಸೆಲೆಟ್ಸೊ ತಾನಾಗಿಯೇ ಬಾಯಿಬಿಟ್ಟಳು.

"ಗುರುವಾರ ಬರ್ತಾರಲ್ಲ, ಅವ್ರು ನಮ್ಮಪ್ಪ. ಮದುವೆಗೆ ಮುಂಚೆ ಹುಟ್ಟಿದೋಳು ನಾನು. ಅವರ ಮನೇಲಿ ಗೊತ್ತಿಲ್ಲ. ನಿಮ್ಮ ಹತ್ರ ಮಾತ್ರ ಹೇಳ್ತಿದೀನಿ ಅಮ್ಮಾ."

ಮಾಮೊಸಾಗೆ, ನೀವು ಅಂದುಕೊಂಡ ಹಾಗೇನೂ ಇಲ್ಲ ಅಂದಿದ್ದರೆ ಸಾಕಿತ್ತು. "ಮತ್ತೆ ಯಾರವಳು?" ಅಂದರು. ಹೇಳಿಬಿಟ್ಟೆ. ಕೆಲಸ ಚೆನ್ನಾಗಿ ಮುಗಿಸಿದೆ ಅನ್ನೋ ಹೆಮ್ಮೆ ಬೇರೆ ಆಗ.

ಈ ಗುರುವಾರ ಪುಸೆಲೆಟ್ಸೊಳ ಅಪ್ಪ ಬರಲಿಲ್ಲವಂತೆ. ಫೋನೂ ಎತ್ತುತ್ತಿಲ್ಲವಂತೆ. ಇವತ್ತು ಅಂಗಡಿಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಅವಳು ಇನ್ನೊಬ್ಬರ ಜಡೆ ಹೆಣೆಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ನಿಮ್ಗೆ ಮಗಳಿದಾಳೆ ಅಂದಿದ್ರಲ್ಲ, ಅದೂ ಸುಳ್ಳಾ?"

"ಇಲ್ಲ, ಅದು ನಿಜ."

"ಹಾಗಾದ್ರೆ ಇದನ್ನ ಅವಳಿಗೂ ಹೇಳಿ. ನಂಗೆ ಇನ್ನೇನೂ ಬೇಡ."

ರಾತ್ರಿ ಮುದ್ದೆ, ಸೊಪ್ಪು ಬಡಿಸುತ್ತಿದ್ದಾಗ ಮಗಳು ಎಂದಿನ ಹಾಗೆ, "ಇವತ್ತು ಯಾರನ್ನ ಹಿಡಿದೆ ಅಮ್ಮಾ?" ಅಂತ ಕೇಳಿದಳು.

ಯಾರನ್ನೂ ಇಲ್ಲ ಅಂದೆ. ಮುದ್ದೆ ಆರತ್ತೆ, ತಿನ್ನು ಅಂದೆ.

ನಾಳೆಯಾದರೂ ಮಗಳನ್ನ ಕೂರಿಸಿಕೊಂಡು ಎಲ್ಲ ಹೇಳಬೇಕು.