ಸ್ವಪ್ನಳನ್ನು ಬಿಟ್ಟರು, ಮಾರೆಕ್

ಮಾರೆಕ್,

ನೀನು ತೀರಿಕೊಂಡ ಮೇಲೂ ಇದನ್ನು ನಿನಗೇ ಹೇಳಬೇಕೆನಿಸಿತು. ದೇವಸಮುದ್ರದಲ್ಲಿ ನಮ್ಮ ಕುರಿಗಳು ಮೇಯುವ ಕಾವಲಿಗೆ ಬೇಲಿ ಹಾಕಬಾರದೆಂದು ಧರಣಿ ಕೂತ ನನ್ನ ಮಗಳು ಸ್ವಪ್ನಳನ್ನು ಪೊಲೀಸರು ಹಿಡಿದಿದ್ದರು. ಇವತ್ತು ಬಿಟ್ಟರು. ಬೆಳಗಿನಿಂದ ಠಾಣೆಯ ಮುಂದೆಯೇ ಕಾದಿದ್ದೆ.

ಹೊರಗೆ ಬಂದವಳೇ, "ಉಂಡ್ಯಾ ಅಪ್ಪಾ?" ಅಂದಳು.

"ನಿಂದಾಯ್ತಾ ಅವ್ವ?"

"ಆಗೈತೆ. ಈ ಸಲ ಪಂಚಾಯ್ತಿ ಎಲೆಕ್ಷನ್‌ಗೆ ನಿಲ್ತೀನಿ."

ಎದೆ ಹಗುರಾಗಿ ನಕ್ಕುಬಿಟ್ಟೆ. ನಿಮ್ಮ ಪೋಲೆಂಡಿನ ವಾರ್ಸಾದಲ್ಲಿ ನಾವು ಒಟ್ಟಿಗೆ ಓದುವಾಗ ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ಕರಪತ್ರ ಹಂಚಿ ಜೈಲು ಸೇರಿದ ನೀನೂ ಕೊನೆಗೆ ಪಾರ್ಲಿಮೆಂಟಿಗೆ ಹೋದೆಯಲ್ಲ.

ನೀನು ಬಿಡುಗಡೆಯಾದ ದಿನ ಗೇಟಿನ ಹೊರಗೆ ಯಾರೂ ಇರಲಿಲ್ಲವೆಂದು ಆಮೇಲೆ ಕೇಳಿದೆ. ನಾನು ಆಗಲೂ ಇದ್ದ ನಮ್ಮ ಹಾಸ್ಟೆಲಿನಿಂದ ಆ ಜೈಲಿಗೆ ನೇರವಾಗಿ ಟ್ರಾಮ್ ಇತ್ತು.

ಗೋವರ್ಧನ