ಸೂತಕದ ವಾರದ ರೆಕಾರ್ಡಿಂಗ್

ಫೆಬ್ರವರಿ 4, ಭಾನುವಾರ

ಪೆನ್‌ಡ್ರೈವ್ ಮತ್ತೆ ಫುಲ್. ಕೂತು ಡಿಲೀಟ್ ಮಾಡಿದೆ. ಹಳೆಯ ಸಿನಿಮಾ ಎರಡು ಹೋದವು. ಅತ್ತೆಯ ಭಜನೆ ಕಾರ್ಯಕ್ರಮಗಳು ಉಳಿದವು. ಅವನ್ನು ಮುಟ್ಟಿದರೆ ಮನೆಯಲ್ಲಿ ದೊಡ್ಡ ರಾಮಾಯಣ. ಒಂದು ಮ್ಯಾಚ್ ತೆಗೀಬೇಡ ಅಂದರು ಇವರು. ತೆಗೆದೆ. ಗೆದ್ದವರು ಯಾರು ಅಂತ ಗೊತ್ತಿರುವ ಮ್ಯಾಚನ್ನು ಎಷ್ಟು ಸಲ ನೋಡುತ್ತಾರೆ?

ಕೇಬಲ್ ತೆಗೆಸಿ ಮಹಡಿ ಮೇಲೆ ಫ್ರೀ ಡಿಶ್ ಹಾಕಿಸಿದ್ದೇ ಅತ್ತೆಗಾಗಿ. ನಾವಿರುವ ಅವಲಪಲ್ಲಿ ತಮಿಳು ಸೀಮೆ, ಕೇಬಲ್‌ನಲ್ಲಿ ಬರುವುದೆಲ್ಲ ತಮಿಳು. ಡಿಶ್‌ನಲ್ಲಿ ಬೆಂಗಳೂರಿನ ಕನ್ನಡ ಚಾನೆಲ್ ಪುಕ್ಕಟೆ ಬರುತ್ತದೆ. ಡಿಶ್‌ನ ಬಾಕ್ಸಿಗೆ ಪೆನ್‌ಡ್ರೈವ್ ಚುಚ್ಚಿದರೆ ರೆಕಾರ್ಡೂ ಆಗುತ್ತದೆ. ಕಂಪನಿಗೆ ಹೊರಡುವ ಮುಂಚೆ ಟೈಮರ್ ಇಡುವುದು ನನ್ನ ಕೆಲಸ. ಇವರಿಗೂ ಹೇಳಿಕೊಡಲು ನೋಡಿದೆ. ಕೋಣನ ಮುಂದೆ ಕಿನ್ನರಿ.

ಫೆಬ್ರವರಿ 8, ಗುರುವಾರ

ಅತ್ತೆಯನ್ನು ಕೃಷ್ಣಗಿರಿಗೆ ಕರೆದುಕೊಂಡು ಹೋಗಿದ್ದೆವು. ಗಂಟಲಲ್ಲಿ ಗಡ್ಡೆ. ಕೆಟ್ಟದ್ದೇ. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು. 27ಕ್ಕೆ ಬೆಂಗಳೂರಿನಲ್ಲಿ ಆಪರೇಷನ್.

"ಹಾಡಾಕಾಗ್ತದಾ ಸಾಮಿ?" ಅತ್ತೆ ಉಸಿರಲ್ಲೇ ಕೇಳಿದರು.

ಡಾಕ್ಟರ್ ತಮಿಳಿನಲ್ಲಿ ಉತ್ತರ ಕೊಟ್ಟರು, ಹಾಡುವುದಿರಲಿ, ಮಾತೂ ಬರುವುದಿಲ್ಲ ಅಂತ. ಅತ್ತೆಗೆ ತಮಿಳು ಬರುತ್ತದೆ. ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಕೆಲಮಂಗಲದ ಕಡೆ ನಮ್ಮತ್ತೆ ಭದ್ರಮ್ಮನ ಸೋಬಾನೆ ಇಲ್ಲದೆ ಮದುವೆ ಆಗುತ್ತಿರಲಿಲ್ಲ. ದಸರಾ ಹೊತ್ತಿಗೆ ಅತ್ತೆಯ ಗುಂಪನ್ನು ಟೀವಿಯವರು ಬೆಂಗಳೂರಿಗೆ ಕರೆಸಿ ಹಾಡಿಸಿದ್ದರು. ಆಗ ಗಂಟಲು ಗಂಟೆಯ ಹಾಗಿತ್ತು. ದೀಪಾವಳಿಗೆ ಒಡೆಯಿತು. ಶೀತ ಅಂತ ಮೆಣಸಿನ ಕಷಾಯ ಕುಡಿಸಿದೆವು. ಈಗ ಬರೀ ಉಸಿರು.

ಬಸ್ಸಿನಲ್ಲಿ ನನ್ನ ಫೋನ್ ಎಲ್ಲ ಹುಡುಕಿದೆ. ಅವರು ಹಾಡಿದ್ದು ಒಂದೂ ಇಲ್ಲ. ಮದುವೆಗಳಲ್ಲಿ ಎಲ್ಲರ ಫೋನೂ ಹೆಣ್ಣು ಗಂಡಿನ ಕಡೆಗೇ. ನನ್ನದೂ.

ಫೆಬ್ರವರಿ 10, ಶನಿವಾರ

ಚಾನೆಲ್‌ನಿಂದ ಫೋನ್. ದಸರಾದಲ್ಲಿ ಹಿಡಿದ ಅತ್ತೆಯ ಸೋಬಾನೆ ಕಾರ್ಯಕ್ರಮ 18ನೇ ತಾರೀಕು ಭಾನುವಾರ, ಸಂಜೆ ಐದೂವರೆಗೆ. ಯೂಟ್ಯೂಬಿಗೆ ಹಾಕ್ತೀರಾ ಅಂತ ಕೇಳಿದೆ. ಇಲ್ಲ ಮೇಡಂ. ಮತ್ತೆ ಯಾವಾಗ ತೋರಿಸ್ತೀರಾ? ಗೊತ್ತಿಲ್ಲ ಮೇಡಂ. ಒಂದು ಕಾಪಿ ಕೊಡ್ತೀರಾ? ಅರ್ಜಿ ಹಾಕಿ ಮೇಡಂ, ನೋಡೋಣ.

ನೋಡಿದ ಹಾಗೇ. ಹೊಸ ಪೆನ್‌ಡ್ರೈವ್ ತಂದೆ. ಟೈಮರ್ ಇವತ್ತೇ ಇಟ್ಟೆ. ಅಡುಗೆ ಕಾರ್ಯಕ್ರಮ ಒಂದನ್ನು ಹಿಡಿದು ಟೆಸ್ಟ್ ಮಾಡಿದೆ. ಸರಿಯಾಗಿದೆ.

"ನಿನ್ ಡಬ್ಬಿಗೆ ನನ್ ಗಂಟ್ಲು ಹಿಡೀತದೇನೇ ಶಶಿ?"

"ಹಿಡೀತದೆ ಅತ್ತೆ."

"ಮುಚ್ಳ ಬಿಗಿಯಾಗ್ ಹಾಕು. ತೆಲುಗ್ರ ಮನೆ ಹೆಣ್ಣು, ಬಾಯ್ ತೆಗ್ದೇ ಇಟ್ಬುಟ್ಟೀಯ."

ಈ ಸ್ಥಿತಿಯಲ್ಲೂ ನನ್ನ ತವರಿನ ಗೇಲಿ ತಪ್ಪಿಲ್ಲ. ಸಮಾಧಾನವಾಯಿತು.

ಫೆಬ್ರವರಿ 14, ಬುಧವಾರ

ಊರಿನಲ್ಲಿ ದೊಡ್ಡವೆಂಕಟಪ್ಪ ತೀರಿಕೊಂಡರು. ಮಾವನವರ ದಾಯಾದಿ ಅಣ್ಣ. ತುಂಬು ವಯಸ್ಸು, ನಿದ್ದೆಯಲ್ಲಿ ಹೋದರು. ನಮಗೂ 24ರವರೆಗೆ ಸೂತಕ. ದೇವರಿಗೆ ದೀಪವಿಲ್ಲ, ಒಗ್ಗರಣೆಯಿಲ್ಲ, ಟೀವಿಯಿಲ್ಲ. ಮಣ್ಣು ಮುಗಿಸಿ ಬಂದ ತಕ್ಷಣ ಅತ್ತೆ ಟೀವಿ ಮೇಲೆ ಹಳೆಯ ಸೀರೆ ಹೊದಿಸಿದರು.

18 ಇದರ ನಡುವೆಯೇ ಬರುತ್ತದೆ. ಯಾರೂ ಆ ಮಾತು ಎತ್ತಲಿಲ್ಲ.

ಫೆಬ್ರವರಿ 15, ಗುರುವಾರ

ನಾನೇ ಎತ್ತಿದೆ.

"ಸೂತ್ಕದಾಗೆ ಸೋಬಾನೆನಾ? ಮೂಳಿ, ಬುದ್ಧಿ ಐತೇನೇ?"

"ಟೀವಿ ಹಾಕೋದಿಲ್ಲ ಅತ್ತೆ. ಬಾಕ್ಸು ತನ್ನ ಪಾಡಿಗೆ ತಾನು ಹಿಡ್ಕೊಂತದೆ. ಚಿತ್ರ ಇಲ್ಲ, ಸದ್ದಿಲ್ಲ. ಸೂತಕ ಕಳೆದ ಮೇಲೆ ನೋಡೋಣ."

ತುಂಬ ಹೊತ್ತು ಅವರೆಕಾಯಿ ಸುಲಿದರು.

"ನಾವ್ ಕೇಳ್ದಿದ್ರೆ ಸರಿ. ಅಲ್ಲೀಗಂಟ ದ್ಯಾವ್ರು ಬೇಕಾರೆ ಕೇಳ್ಕೊಳ್ಲಿ."

ಫೆಬ್ರವರಿ 18, ಭಾನುವಾರ, ಸಂಜೆ 7.30

ಕಂಪನಿಯಲ್ಲಿ ಓಟಿ ಇತ್ತು. ಈಗ ಬಂದೆ. ಬಾಕ್ಸಿನಲ್ಲಿ ಬೆಳಕಿಲ್ಲ. ಗೋಡೆಯ ಸ್ವಿಚ್ ಆಫ್.

ಅತ್ತೆ ಮೂಲೆಯಲ್ಲಿ ಕೂತಿದ್ದರು. ಇವರು ಊರಿಗೆ ಹೋಗಿದ್ದಾರೆ. ಸಂಜೆ ಲಕ್ಷ್ಮಿದೇವಮ್ಮ ಬಂದಿದ್ದರಂತೆ. ಸತ್ತವರ ತಂಗಿ. ಕಿವಿ ಪೂರಾ ಮಂದ. ಬಂದು ಕೂತವರ ಕಣ್ಣು ನೇರ ಬಾಕ್ಸಿನ ಮೇಲೆ.

"ದೀಪ ಮಿಣಮಿಣ ಅಂತಿತ್ತು. 'ನಮ್ಮಣ್ಣನ ಮ್ಯಾಲಿನ ಮಣ್ಣು ಆರಿಲ್ಲ, ಟೀವಿ ಹಾಕ್ಕೊಂಡಿದ್ದೀರಾ' ಅಂತ ಎದೆ ಎದೆ ಬಡ್ಕೊಂಡ್ಳು. ಟೀವಿ ಅಲ್ಲ ಕಣಮ್ಮಿ, ನನ್ ಹಾಡು, ಸುಮ್ಕೆ ಹಿಡ್ಕೊಂತಾ ಐತೆ ಅಂತ ಹೇಳಾಕೋದೆ. ಗಂಟ್ಲು ಬರ್ನಿಲ್ಲ. ಅವ್ಳಿಗೆ ಕಿವಿ ಕೇಳಾಕಿಲ್ಲ. ಆರ್ಸಿಬುಟ್ಟೆ."

"ಐದು ನಿಮಿಷ ಬೈಸ್ಕೊಂಡಿದ್ರೆ ಏನಾಗ್ತಿತ್ತು ಅತ್ತೆ? ಜನ ಏನಂದ್ರೆ ಏನಂತೆ?"

ಜೋರಾಗೇ ಅಂದೆ. ತಿರುಗಿ ಜೋರು ಮಾಡಲು ಅವರಿಗೆ ಗಂಟಲಿಲ್ಲ.

ಕೋಪ ಬಂದಿದೆ. ಅತ್ತೆ ಮೇಲೆ, ಆ ಕಿವುಡಿ ಮೇಲೆ, ಸತ್ತ ಮುದುಕನ ಮೇಲೂ. ಒಂದು ವಾರ ತಡೆದು ಸಾಯಬಾರದಿತ್ತೇ. ಪಾಪದ ಮಾತು. ಬರೆದಾಯಿತು.

ಫೆಬ್ರವರಿ 20, ಮಂಗಳವಾರ

ಎಷ್ಟು ಹಿಡಿದಿದೆಯೋ ಗೊತ್ತಿಲ್ಲ. ರೆಕಾರ್ಡ್ ಆಗುವಾಗ ಕರೆಂಟ್ ಕಿತ್ತರೆ ಕೆಲವು ಸಲ ಫೈಲೇ ತೆರೆಯುವುದಿಲ್ಲ. ಬೇರೆ ಕಡೆ ಹಾಕಿ ನೋಡೋಣವೆಂದರೆ ಈ ಬಾಕ್ಸಿನದು ಈ ಬಾಕ್ಸಿನಲ್ಲೇ ಓಡಬೇಕು. ಸೀರೆ ಸರಿಸಿದರೆ ಒಂದು ನಿಮಿಷದ ಕೆಲಸ. ಅತ್ತೆ ಅಲ್ಲೇ ಚಾಪೆ ಹಾಸಿಕೊಂಡಿದ್ದಾರೆ.

ಫೆಬ್ರವರಿ 25, ಭಾನುವಾರ

ಸೂತಕ ಕಳೆಯಿತು. ಮನೆ ತೊಳೆದೆವು. ಅತ್ತೆ ತಲೆಗೆ ನೀರು ಹಾಕಿಕೊಂಡು, ದೀಪ ಹಚ್ಚಿ, ಸೀರೆಯನ್ನು ತಾವೇ ತೆಗೆದರು.

ಫೈಲ್ ತೆರೆಯಿತು.

ನಿರೂಪಕಿಯ ಮಾತು. ಅದು ಮುಗಿಯುವುದೇ ಇಲ್ಲ. ಕೊನೆಗೆ ಹೆಂಗಸರ ಸಾಲು, ನಡುವೆ ಅತ್ತೆ. ಬಾಯಿ ತೆರೆದರು. 'ಅರಿಶಿಣದ ನೀರ ತಂದೆ, ಅಂಗಳಕೆಲ್ಲ ಚೆಲ್ಲಿ ಬಂದೆ...' ಆ ಗಂಟಲು ಮನೆ ತುಂಬಿತು. ಇವರು ಎದ್ದು ನಿಂತುಬಿಟ್ಟರು. ಟೀವಿಯಲ್ಲಿ ಉಳಿದ ಹೆಂಗಸರು ಸೊಲ್ಲು ಹಿಡಿದು ಅದನ್ನೇ ತಿರುಗಿ ಹಾಡಿದರು. ಅತ್ತೆ ಎರಡನೇ ಸಾಲು ಎತ್ತಿಕೊಂಡರು, ಅರ್ಧದಲ್ಲಿ ಪರದೆ ಕಪ್ಪು.

"ಇಷ್ಟೇನಾ?"

"ಇಷ್ಟೇ ಅತ್ತೆ."

ಅತ್ತೆಯ ಭುಜ ಕುಣಿಯಿತು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು.

"ನಾನೇ ಆರ್ಸಿದ್ನಲ್ಲೇ. ಯಾರ್ನ ಬೈಯಾನ?"

ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಫೆಬ್ರವರಿ 26, ಸೋಮವಾರ

ಉಳಿದ ಹಾಡನ್ನು ಉಸಿರಲ್ಲೇ ಹೇಳಿ ಅಂತ ಫೋನ್ ಹಿಡಿದೆ. ಕೈಯಿಂದ ತಳ್ಳಿದರು.

"ಇದ್ನ ಹಿಡೀಬ್ಯಾಡ. ಇದು ನನ್ ಗಂಟ್ಲಲ್ಲ."

ನಾಳೆ ಬೆಳಗಿನ ಜಾವ ಐದಕ್ಕೆ ಬೆಂಗಳೂರಿಗೆ ಕಾರು.

ಮಾರ್ಚ್ 17, ಭಾನುವಾರ, ಮಧ್ಯಾಹ್ನ

ಅತ್ತೆ ಮನೆಗೆ ಬಂದಿದ್ದಾರೆ. ಕುತ್ತಿಗೆಯಲ್ಲಿ ತೂತು, ಉಸಿರಾಟ ಅಲ್ಲಿಂದ. ಸದ್ದೆಂಬುದು ಇಲ್ಲ. ಬರೆದು ತೋರಿಸಲು ಅಕ್ಷರ ಬಾರದು, ಏನಾದರೂ ಬೇಕಾದರೆ ಸ್ಟೀಲ್ ಲೋಟವನ್ನು ಮಂಚದ ಕಂಬಿಗೆ ಬಡಿಯುತ್ತಾರೆ. ಬೆಳಿಗ್ಗೆಯಿಂದ ನೀರಿಗೆ ಬಡಿದರು, ಫ್ಯಾನಿಗೆ ಬಡಿದರು, ಸೊಸೆ ಸುಮ್ಮನೆ ಕೂತಿದ್ದಾಳೆ ಅಂತಲೂ ಬಡಿದರು.

ಊಟವಾದ ಮೇಲೆ ಬಡಿದು ಟೀವಿ ತೋರಿಸಿದರು. ಬೇಡ ಅತ್ತೆ ಅಂದೆ. ಇನ್ನೂ ಜೋರಾಗಿ ಬಡಿದರು. ಹಾಕಿದೆ.

ಅದೇ ಸಾಲು. ಅದೇ ಕಪ್ಪು. ಆಫ್ ಮಾಡಲು ಹೋದರೆ ಕೈ ಹಿಡಿದರು. ಬೆರಳು ನನ್ನ ಬಾಯಿ ಕಡೆ.

"ನಾನಾ?"

ಲೋಟ.

ಹಾಡಿದೆ. ನನ್ನ ಗಂಟಲಿಗೆ ಕಾಗೆಯೇ ವಾಸಿ. ಒಳಗಿನಿಂದ ಇವರು ನಕ್ಕರು. ಅತ್ತೆ ನಗಲಿಲ್ಲ. ಮೊದಲಿಂದ ಹಾಡಿಸಿದರು. ಮತ್ತೆ. ತಾಳಕ್ಕೆ ಕಂಬಿ. ಎರಡನೇ ಸಾಲಿನ ಅರ್ಧಕ್ಕೆ ನಾನು ನಿಂತೆ. ಮುಂದೆ ಗೊತ್ತಿಲ್ಲ. ಅವರ ತುಟಿ ಆಡಿತು. ಸದ್ದಿಲ್ಲ. ತುಟಿ ನೋಡಿ ಊಹಿಸಿ ಹೇಳಿದೆ. ತಪ್ಪು. ಮತ್ತೆ ಆಡಿಸಿದರು, ಮಗುವಿಗೆ ತೋರಿಸುವ ಹಾಗೆ ನಿಧಾನವಾಗಿ. ತಪ್ಪು. ಲೋಟ. ನನ್ನ ಕಣ್ಣೆಲ್ಲ ನೀರು, ತುಟಿಯೇ ಕಾಣಲಿಲ್ಲ. ಸೆರಗಿನಿಂದ ನನ್ನ ಮುಖ ಒರೆಸಿ ಮತ್ತೆ ಆಡಿಸಿದರು. ಸಿಕ್ಕಿತು. ತಲೆ ಆಡಿಸಿದರು.

ಹಾಡು ಇನ್ನೂ ಎಷ್ಟಿದೆ ಅಂತ ಕೇಳಿದೆ. ಎರಡೂ ಕೈ ಅಗಲಿಸಿದರು.

ಕಾಫಿಗೆ ಅಂತ ಎದ್ದು ಬಂದು ಇಷ್ಟು ಬರೆದೆ. ಲೋಟ ಬಡಿಯುತ್ತಿದ್ದಾರೆ. ಬಂದೆ ಅತ್ತೆ, ಬಂ—